‘ಮೂರು ವರ್ಷ ಆದಮೇಲೆ ಎಲ್ಲಾ ಕವರ್ ಆಗುತ್ತೆ’ ಎಂದಿದ್ದರು ಏಜೆಂಟ್. ಈಗ ಕ್ಲೇಮ್ ತಿರಸ್ಕಾರವಾಗಿದೆ, ಏನು ಮಾಡಲಿ?

ಪ್ರಶ್ನೆ: ಅಪ್ಪ, ಅಮ್ಮ ಇಬ್ಬರಿಗೂ ಸೇರಿ 5 ಲಕ್ಷ ರೂಪಾಯಿಯ ಫ್ಯಾಮಿಲಿ ಫ್ಲೋಟರ್ ಆರೋಗ್ಯ ವಿಮೆ ಮಾಡಿಸಿ 3 ವರ್ಷ 8 ತಿಂಗಳಾಯಿತು. ಮಾಡಿಸಿದ ಏಜೆಂಟ್ ಅಪ್ಪನಿಗೆ ಪರಿಚಯದವರು. ಅಮ್ಮ ಶುಗರ್ ಮಾತ್ರೆ ತೆಗೆದುಕೊಳ್ಳುತ್ತಾರೆ ಎಂದು ನಾನೇ ಅವರಿಗೆ ಹೇಳಿದ್ದೆ. ‘ಅದನ್ನೆಲ್ಲ ಬರೆದರೆ ಮೆಡಿಕಲ್ ಟೆಸ್ಟ್ ಅಂತಾರೆ, ಸುಮ್ಮನೆ ತಡ. ಮೂರು ವರ್ಷ ಆದಮೇಲೆ ಹೇಗೂ ಎಲ್ಲಾ ಕವರ್ ಆಗುತ್ತೆ’ ಎಂದರು. ಫಾರಂ ಅವರೇ ಮೊಬೈಲಿನಲ್ಲಿ ತುಂಬಿದರು, ನಾನು ಒಟಿಪಿ ಹೇಳಿದೆ. ಪ್ರೀಮಿಯಂ ಒಂದು ದಿನವೂ ತಪ್ಪಿಸಿಲ್ಲ. ಎರಡು ತಿಂಗಳ ಹಿಂದೆ ಅಮ್ಮನಿಗೆ ಹೃದಯಾಘಾತವಾಗಿ ಸ್ಟೆಂಟ್ ಹಾಕಿದರು. ಕ್ಯಾಶ್‌ಲೆಸ್ ಆಗಲಿಲ್ಲ, 3.40 ಲಕ್ಷ ನಾವೇ ಕಟ್ಟಿದೆವು. ಆಮೇಲೆ ಹಾಕಿದ ಕ್ಲೇಮ್ ಕೂಡ ತಿರಸ್ಕಾರವಾಗಿದೆ. ‘ಡಿಸ್ಚಾರ್ಜ್ ಸಮ್ಮರಿಯಲ್ಲಿ 8 ವರ್ಷದಿಂದ ಮಧುಮೇಹ ಎಂದಿದೆ, ನೀವು ಅದನ್ನು ತಿಳಿಸಿಲ್ಲ’ ಎಂಬ ಕಾರಣ ಕೊಟ್ಟು, ಪಾಲಿಸಿ ರದ್ದು ಮಾಡುವುದಾಗಿಯೂ ಬರೆದಿದ್ದಾರೆ. ಅಮ್ಮನಿಗೆ ಶುಗರ್ ಬಂದು ಹೆಚ್ಚೆಂದರೆ 5 ವರ್ಷ. ಏಜೆಂಟ್ ಈಗ, ‘ಇತ್ತೀಚೆಗಷ್ಟೇ ಬಂತು ಅಂತ ಡಾಕ್ಟರ ಹತ್ತಿರ ಒಂದು ಲೆಟರ್ ಬರೆಸಿಕೊಂಡು ಬನ್ನಿ, ನಾನು ನೋಡ್ಕೋತೀನಿ’ ಎನ್ನುತ್ತಾರೆ. ಇನ್ನೊಬ್ಬರು ಫೋನ್ ಮಾಡಿ, ಶೇ. 15 ಕೊಟ್ಟರೆ ಕ್ಲೇಮ್ ಪಾಸ್ ಮಾಡಿಸುತ್ತೇವೆ ಎಂದರು. ನಾವು ಹೇಳಿದ್ದನ್ನು ಏಜೆಂಟ್ ಬರೆಯದಿದ್ದರೆ ಅದು ನಮ್ಮ ತಪ್ಪೇ? ಅಪ್ಪನಿಗೆ ಕಳೆದ ವರ್ಷದಿಂದ ಬಿ.ಪಿ. ಇದೆ. ಅವರ ಗತಿ ಏನು?

ಉತ್ತರ: ಮೊದಲು ಒಂದು ಮಾತು. ಆ ಡಾಕ್ಟರ್ ಲೆಟರ್ ಬರೆಸಿಕೊಳ್ಳಬೇಡಿ. ಶೇ. 15ರವರ ಫೋನಿಗೂ ಮತ್ತೆ ಉತ್ತರ ಕೊಡಬೇಡಿ. ಕಾರಣ ಮುಂದೆ ಹೇಳುತ್ತೇನೆ. ಈ ಉತ್ತರವನ್ನು ಪೂರ್ತಿ ಓದುವಷ್ಟರಲ್ಲಿ ಯಾರಾದರೂ ಆ ಕೆಲಸಕ್ಕೆ ಹೊರಟುಬಿಟ್ಟಾರು ಎಂಬ ಆತಂಕಕ್ಕೆ ಇಷ್ಟನ್ನು ಮೊದಲೇ ಹೇಳಿದೆ.

ನಾನು ವರ್ಷಗಟ್ಟಲೆ ಕ್ಲೇಮ್ ವಿಭಾಗದಲ್ಲಿ ಕೂತು ಇಂಥ ಫೈಲುಗಳನ್ನು ನೋಡಿದವನು. ನಿಮ್ಮ ಪತ್ರದಲ್ಲಿ ಎರಡು ಜಗಳ ಹೆಣೆದುಕೊಂಡಿವೆ. ಒಂದು ಕಂಪನಿಯ ಜತೆ, ಹಣದ್ದು. ಇನ್ನೊಂದು ಏಜೆಂಟರ ಜತೆ, ನಂಬಿಕೆಯದ್ದು. ಎರಡನ್ನೂ ಒಂದೇ ಪತ್ರದಲ್ಲಿ ಕಲಸಿ ಬರೆದರೆ ಕಂಪನಿಯವರು ಎರಡನೆಯದನ್ನು ಮುಂದೆ ಮಾಡಿ ಮೊದಲನೆಯದನ್ನು ಮುಚ್ಚಿಬಿಡುತ್ತಾರೆ. ಹಾಗಾಗಿ ಬೇರೆ ಬೇರೆಯಾಗಿಯೇ ನೋಡೋಣ.

‘ಮೂರು ವರ್ಷ ಆದಮೇಲೆ ಎಲ್ಲಾ ಕವರ್’ ಎಂಬ ಮಾತನ್ನು ನಾನು ನೂರಾರು ಮನೆಗಳವರ ಬಾಯಲ್ಲಿ ಕೇಳಿದ್ದೇನೆ. ಇದು ಪೂರ್ತಿ ಕಟ್ಟುಕತೆಯಲ್ಲ, ಅರ್ಧ ಸತ್ಯ. ಅದಕ್ಕೇ ಇಷ್ಟು ಸುಲಭವಾಗಿ ನಂಬಿಕೆ ಹುಟ್ಟಿಸುತ್ತದೆ. ಇದರ ಬೇರು ಎರಡು ಕಡೆ ಇದೆ. 1938ರ ವಿಮಾ ಕಾಯ್ದೆಯ 45ನೇ ಕಲಮಿಗೆ 2015ರಲ್ಲಿ ತಿದ್ದುಪಡಿಯಾಯಿತು. ಅದರ ಪ್ರಕಾರ 3 ವರ್ಷ ತುಂಬಿದ ಜೀವ ವಿಮಾ ಪಾಲಿಸಿಯನ್ನು ಯಾವ ಕಾರಣಕ್ಕೂ ಪ್ರಶ್ನಿಸುವಂತಿಲ್ಲ. ಅದು ಜೀವ ವಿಮೆಗೆ ಮಾತ್ರ. ಆರೋಗ್ಯ ವಿಮೆಯಲ್ಲಿ ಇರುವುದು ಬೇರೆ ಲೆಕ್ಕ: ಪಾಲಿಸಿಗೆ ಮೊದಲೇ ಇದ್ದ ಕಾಯಿಲೆಗೆ ಕಾಯುವ ಅವಧಿ ಹೆಚ್ಚೆಂದರೆ 36 ತಿಂಗಳು ಇರಬಹುದು. ಮೊದಲು 48 ಇತ್ತು, 2024ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಇಳಿಸಿತು. ಆದರೆ ಈ 36 ತಿಂಗಳ ಲೆಕ್ಕ ನಡೆಯುವುದು ಪ್ರಪೋಸಲ್ ಫಾರಂನಲ್ಲಿ, ಅಂದರೆ ಪಾಲಿಸಿ ಕೇಳಿ ತುಂಬುವ ಅರ್ಜಿಯಲ್ಲಿ ತಿಳಿಸಿ, ಕಂಪನಿ ಒಪ್ಪಿಕೊಂಡ ಕಾಯಿಲೆಗೆ. ಬರೆಯದೇ ಬಿಟ್ಟ ಕಾಯಿಲೆಗೆ ಆ ಗಡಿಯಾರ ಶುರುವೇ ಆಗುವುದಿಲ್ಲ.

ಹಾಗಾದರೆ ತಿಳಿಸದ ಕಾಯಿಲೆಯನ್ನು ಕಂಪನಿ ಎಷ್ಟು ವರ್ಷ ಕೆದಕಬಹುದು? ಅದಕ್ಕೂ ಮಿತಿ ಇದೆ, ಮೊರಾಟೋರಿಯಂ ಅವಧಿ ಎನ್ನುತ್ತಾರೆ. ಮೊದಲು 8 ವರ್ಷ ಇತ್ತು, 2024ರಿಂದ 60 ತಿಂಗಳು. ಬಿಡದೆ 60 ತಿಂಗಳು ನವೀಕರಿಸಿದ ಪಾಲಿಸಿಯಲ್ಲಿ ಮೋಸವನ್ನು ಸಾಬೀತುಪಡಿಸಿದರೆ ಹೊರತು, ‘ತಿಳಿಸಿರಲಿಲ್ಲ’ ಎಂಬ ಕಾರಣಕ್ಕೆ ಕ್ಲೇಮ್ ತಳ್ಳಿಹಾಕುವಂತಿಲ್ಲ. ನಿಮ್ಮದು 44 ತಿಂಗಳು. 36 ದಾಟಿದೆ, 60ಕ್ಕೆ ಇನ್ನೂ 16 ಬಾಕಿ. ನಡುವಿನ ಈ ಜಾಗದಲ್ಲೇ ಜನ ಹೆಚ್ಚು ಸಿಕ್ಕಿಬೀಳುತ್ತಾರೆ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಏಜೆಂಟರಿಗೆ ಹೇಳಿದರೆ ಕಂಪನಿಗೆ ಹೇಳಿದಂತೆ ಅಲ್ಲವೇ? ನ್ಯಾಯವಾಗಿ ನೋಡಿದರೆ ಹಾಗೇ ಇರಬೇಕು ಎಂದು ನನಗೂ ಅನ್ನಿಸುತ್ತದೆ. ಏಜೆಂಟರಿಗೆ ಕಮಿಷನ್ ಕೊಡುವುದು ಕಂಪನಿ, ಗುರುತಿನ ಚೀಟಿ ಕೊಟ್ಟದ್ದೂ ಕಂಪನಿ. ಆದರೆ ನ್ಯಾಯಾಲಯಗಳು ಅಷ್ಟು ಸುಲಭಕ್ಕೆ ಒಪ್ಪಿಲ್ಲ. 2019ರಲ್ಲಿ ರಿಲಯನ್ಸ್ ಲೈಫ್ ಮತ್ತು ರೇಖಾಬೆನ್ ರಾಠೋಡ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಫಾರಂಗೆ ಸಹಿ ಹಾಕಿದ ಮೇಲೆ ‘ಏಜೆಂಟ್ ತುಂಬಿದ್ದು, ನನಗೆ ಗೊತ್ತಿರಲಿಲ್ಲ’ ಎಂದು ಜಾರಿಕೊಳ್ಳಲು ಬರುವುದಿಲ್ಲ ಎಂದಿತು. ಅದು ಜೀವ ವಿಮೆಯ ಪ್ರಕರಣ. ಆದರೂ ಆರೋಗ್ಯ ವಿಮಾ ಕಂಪನಿಗಳು ಅದನ್ನೇ ಹಿಡಿದು ವಾದಿಸುತ್ತವೆ. ನೀವು ಹೇಳಿದ ಒಟಿಪಿಯನ್ನು ಅವರು ಸಹಿ ಎಂದೇ ತೋರಿಸುತ್ತಾರೆ.

ಆದರೆ ತಿಳಿಸಿದ್ದಕ್ಕೆ ಗುರುತು ಸಿಕ್ಕರೆ ಇಡೀ ಆಟ ತಿರುಗುತ್ತದೆ. 2021ರ ಡಿಸೆಂಬರಿನಲ್ಲಿ ಮನಮೋಹನ್ ನಂದಾ ಪ್ರಕರಣದಲ್ಲಿ ಅದೇ ಸುಪ್ರೀಂ ಕೋರ್ಟ್, ಆರೋಗ್ಯ ಸ್ಥಿತಿಯನ್ನು ತಿಳಿಸಿದ ಮೇಲೆ, ಕಂಪನಿ ಅದನ್ನು ತೂಗಿ ನೋಡಿ ಪಾಲಿಸಿ ಕೊಟ್ಟ ಮೇಲೆ, ಅದೇ ಸ್ಥಿತಿಯನ್ನು ನೆಪ ಮಾಡಿ ಕ್ಲೇಮ್ ನಿರಾಕರಿಸುವಂತಿಲ್ಲ ಎಂದು ಹೇಳಿದೆ. ಹಾಗಾಗಿ ನೀವು ಈಗ ಹುಡುಕಬೇಕಾದ್ದು ಅಂಥ ಗುರುತನ್ನೇ. ಆ ದಿನಗಳ ವಾಟ್ಸ್ಆ್ಯಪ್ ತೆಗೆದು ನೋಡಿ. ‘ಅಮ್ಮನ ಮಾತ್ರೆ ಚೀಟಿ ಕಳಿಸಲಾ?’ ಎಂಬ ಒಂದು ಸಾಲು, ಏಜೆಂಟರ ‘ಬೇಡ’ ಎಂಬ ಒಂದು ಉತ್ತರ, ಕಳಿಸಿದ ಒಂದು ಲ್ಯಾಬ್ ರಿಪೋರ್ಟಿನ ಫೋಟೋ ಸಾಕು. ಪಾಲಿಸಿ ಕೊಡುವ ಮುನ್ನ ಕಂಪನಿಯಿಂದ ಆರೋಗ್ಯದ ಬಗ್ಗೆ ವಿಚಾರಿಸುವ ಕರೆ ಬಂದಿತ್ತೇ ಎಂದು ಅಮ್ಮನನ್ನು ಕೇಳಿ. ಅಂಥ ಕರೆಗಳನ್ನು ರೆಕಾರ್ಡ್ ಮಾಡುತ್ತಾರೆ. ಅಮ್ಮ ಅದರಲ್ಲಿ ‘ಹೌದಪ್ಪ, ಶುಗರ್ ಮಾತ್ರೆ ತಗೋತೀನಿ’ ಎಂದಿದ್ದರೆ ಕಂಪನಿಗೆ ತಿಳಿದಿತ್ತು ಎಂದೇ ಅರ್ಥ. ‘ಏನೂ ಇಲ್ಲ’ ಎಂದಿದ್ದರೆ ಅದು ನಿಮ್ಮ ವಿರುದ್ಧ ಹೋಗುತ್ತದೆ. ಅದನ್ನೂ ಮನಸ್ಸಿನಲ್ಲಿಟ್ಟುಕೊಂಡೇ ಆ ಆಡಿಯೊ ಕೇಳಿ.

ಏಜೆಂಟರು ಯಾಕೆ ಹೀಗೆ ಮಾಡುತ್ತಾರೆ? ಎಲ್ಲರೂ ಹೀಗಿಲ್ಲ. ರಾತ್ರಿ ಎರಡು ಗಂಟೆಗೆ ಆಸ್ಪತ್ರೆಯ ಕೌಂಟರಿನಲ್ಲಿ ನಿಂತು ಕ್ಯಾಶ್‌ಲೆಸ್ ಮಾಡಿಸಿಕೊಟ್ಟ ಏಜೆಂಟರನ್ನೂ ನಾನು ಕಣ್ಣಾರೆ ಕಂಡಿದ್ದೇನೆ. ಆದರೆ ಶುಗರ್ ಎಂದು ಬರೆದ ಕೂಡಲೇ ವೈದ್ಯಕೀಯ ತಪಾಸಣೆ ಬರುತ್ತದೆ, ಪ್ರೀಮಿಯಂ ಮೇಲೆ ಹೆಚ್ಚುವರಿ ಮೊತ್ತ ಬೀಳಬಹುದು, ಪ್ರಪೋಸಲ್ ತಿರಸ್ಕಾರವೂ ಆಗಬಹುದು. ತಿಂಗಳ ಕೊನೆಯ ಗುರಿ ತಲೆಯ ಮೇಲಿರುವವರಿಗೆ ಇದೆಲ್ಲ ಕಂಟಕ. ಪಾಲಿಸಿ ಆದರೆ ಕಮಿಷನ್ ಆ ತಿಂಗಳೇ ಬರುತ್ತದೆ, ಕ್ಲೇಮ್ ಬರುವುದು ಮುಂದೆಂದೋ. ಈ ಅಂತರದಲ್ಲಿ ನಷ್ಟ ಹೊರುವವರು ನೀವು ಮಾತ್ರ. ಹಾಗೆಂದು ನಿಯಮ ಅವರ ಕಡೆಗಿದೆ ಎಂದುಕೊಳ್ಳಬೇಡಿ. ಮುಖ್ಯ ಮಾಹಿತಿಯನ್ನು ಬಿಟ್ಟುಬಿಡುವಂತೆ ಗ್ರಾಹಕರಿಗೆ ಹೇಳಿಕೊಡುವುದು 2016ರ ಏಜೆಂಟರ ನಿಯಮಾವಳಿಯ ನೇರ ಉಲ್ಲಂಘನೆ.

ಇನ್ನು ಆ ‘8 ವರ್ಷ’. ಇದರ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನಾನು ನೋಡಿದ ತಿರಸ್ಕಾರಗಳಲ್ಲಿ ಬಹಳಷ್ಟಕ್ಕೆ ಮೂಲ ಈ ಒಂದು ಸಾಲು. ಎದೆನೋವೆಂದು ಅಮ್ಮನನ್ನು ಕರೆದುಕೊಂಡು ಓಡಿದಾಗ ಡ್ಯೂಟಿ ಡಾಕ್ಟರ್ ಕೇಳುತ್ತಾರೆ, ‘ಶುಗರ್ ಇದೆಯಾ? ಎಷ್ಟು ವರ್ಷದಿಂದ?’ ಗಾಬರಿಯಲ್ಲಿರುವ ಅಪ್ಪನೋ ಚಿಕ್ಕಮ್ಮನೋ ‘ಏಳೆಂಟು ವರ್ಷ ಆಗಿರಬಹುದು’ ಎಂದುಬಿಡುತ್ತಾರೆ. ಡಾಕ್ಟರ್ 8 ಎಂದು ಗೀಚುತ್ತಾರೆ. ಅವರಿಗೆ ಆ ಹೊತ್ತಿಗೆ ಬೇಕಿರುವುದು ಶುಗರ್ ಇದೆಯೋ ಇಲ್ಲವೋ ಎಂಬುದು, ಎಷ್ಟು ತಿಂಗಳು ಎಂಬುದಲ್ಲ. ಆ ಅಂಕಿ ಕೇಸ್ ಶೀಟಿನಿಂದ ಡಿಸ್ಚಾರ್ಜ್ ಸಮ್ಮರಿಗೆ ನಕಲಾಗುತ್ತದೆ. ಕಂಪನಿಯ ಮೇಜಿನ ಮೇಲೆ ಅದು ಪುರಾವೆಯಾಗಿ ಕೂರುತ್ತದೆ.

ಬಾಯಿಮಾತಿನ ಇಂಥ ಸಾಲೊಂದನ್ನೇ ನೆಚ್ಚಿ ತಿರಸ್ಕರಿಸಿದರೆ ಅದು ದುರ್ಬಲ ತಿರಸ್ಕಾರ. ಹಳೆಯ ಚೀಟಿ, ಲ್ಯಾಬ್ ವರದಿ, ಚಿಕಿತ್ಸೆಯ ದಾಖಲೆ ಕಂಪನಿಯ ಬಳಿ ಇದೆಯೇ ಎಂದು ಕೇಳುವ ಹಕ್ಕು ನಿಮಗಿದೆ. ಅಮ್ಮನಿಗೆ ಮೊದಲು ಶುಗರ್ ಪತ್ತೆಯಾದ ದಿನದ ಚೀಟಿ ನಿಮ್ಮಲ್ಲಿದ್ದರೆ, ಅದನ್ನು ಇಟ್ಟು ಆಸ್ಪತ್ರೆಯಿಂದ ತಿದ್ದುಪಡಿ ಪತ್ರ ಪಡೆಯಬಹುದು.

ಆದರೆ ನಿಮ್ಮ ಪ್ರಕರಣದಲ್ಲಿ ಇದರಿಂದ ಎಷ್ಟು ಲಾಭ? ಯೋಚಿಸಿ ನೋಡಿ. ನಿಮ್ಮ ಮಾತಿನಂತೆಯೇ ಶುಗರ್ ಬಂದು 5 ವರ್ಷ, ಪಾಲಿಸಿಗೆ 3 ವರ್ಷ 8 ತಿಂಗಳು. ಎಂಟು ತಪ್ಪು, ಐದು ಸರಿ ಎಂದು ಸಾಬೀತು ಮಾಡಿದರೂ ಪಾಲಿಸಿಗೆ ಮುಂಚೆ ಶುಗರ್ ಇತ್ತು ಎಂಬುದು ಉಳಿಯುತ್ತದೆ. ಏಜೆಂಟ್ ಕೇಳುತ್ತಿರುವ ಲೆಟರ್ ಈ ತೂತನ್ನು ಸುಳ್ಳಿನಿಂದ ಮುಚ್ಚುವುದಕ್ಕೆ. ತನಿಖೆಗೆ ಬರುವವರು ಮನೆ ಹತ್ತಿರದ ಡಾಕ್ಟರನ್ನು, ಮೆಡಿಕಲ್ ಶಾಪನ್ನು, ಲ್ಯಾಬನ್ನು ವಿಚಾರಿಸುತ್ತಾರೆ. ಒಂದೇ ಡಾಕ್ಟರ್ ಕೊಟ್ಟ ಎರಡು ಬೇರೆ ಬೇರೆ ಪತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡಿದ ಫೈಲುಗಳು ನನಗಿನ್ನೂ ನೆನಪಿವೆ. ಅಲ್ಲಿಯವರೆಗೆ ‘ತಿಳಿಸಲಿಲ್ಲ’ ಎಂದಿದ್ದ ಆರೋಪ ಆ ಕ್ಷಣದಿಂದ ‘ಮೋಸ’ ಎಂದಾಗುತ್ತದೆ. ಆ ಡಾಕ್ಟರೂ ಕಷ್ಟಕ್ಕೆ ಸಿಕ್ಕುತ್ತಾರೆ, ನಿಮ್ಮ ಮಾತಿನ ಉಳಿದ ಸತ್ಯಕ್ಕೂ ಬೆಲೆ ಹೋಗುತ್ತದೆ.

ಇನ್ನೊಂದು ವಾದವನ್ನು ನಿಮಗೆ ಯಾರಾದರೂ ಹೇಳಿರಬಹುದು: ಶುಗರಿಗೂ ಹೃದಯಕ್ಕೂ ಏನು ಸಂಬಂಧ ಎಂದು. ತಿಳಿಸದ ಕಾಯಿಲೆಗೂ ಆದ ಅನಾಹುತಕ್ಕೂ ಸಂಬಂಧವಿಲ್ಲದಿದ್ದಾಗ ಕ್ಲೇಮ್ ಕೊಡಬೇಕೆಂದು 2015ರಲ್ಲಿ ಸುಲಭಾ ಮೋಟೆಗಾಂವ್ಕರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ನಿಜ. ಅಮ್ಮ ಜಾರಿಬಿದ್ದು ಕಾಲು ಮುರಿದುಕೊಂಡಿದ್ದರೆ ಈ ವಾದವನ್ನೇ ಮುಂದಿಡಿ ಎನ್ನುತ್ತಿದ್ದೆ. ಆದರೆ ಮಧುಮೇಹ ಹೃದಯದ ರಕ್ತನಾಳಗಳನ್ನು ಕೆಡಿಸುತ್ತದೆ ಎಂಬುದು ವೈದ್ಯಲೋಕ ಒಪ್ಪಿದ ಮಾತು. ಆ ಕಡೆಯಿಂದ ಹೋದರೆ ನೀವು ಎಡವುತ್ತೀರಿ. ಮುಖ್ಯ ಸಂಗತಿ ಮುಚ್ಚಿಟ್ಟರೆ ಕ್ಲೇಮ್ ನಿರಾಕರಿಸಬಹುದು ಎಂದು 2009ರ ಸತ್ವಂತ್ ಕೌರ್ ಸಂಧು ಪ್ರಕರಣದಲ್ಲಿ ಕೋರ್ಟ್ ಎತ್ತಿಹಿಡಿದಾಗ ಅಲ್ಲಿ ಇದ್ದದ್ದೂ ಮಧುಮೇಹ ಮತ್ತು ಅದರಿಂದ ಕೆಟ್ಟ ಮೂತ್ರಪಿಂಡವೇ.

ಮನಸ್ಸಿಗೆ ಕಷ್ಟವಾದರೂ ಹೇಳಬೇಕು. ಏಜೆಂಟರಿಗೆ ತಿಳಿಸಿದ್ದಕ್ಕೆ ಗುರುತು ಸಿಗದಿದ್ದರೆ ನಿಮ್ಮ ಪ್ರಕರಣ ಗಟ್ಟಿಯಲ್ಲ. ಹಾಗಂತ ಸತ್ತೂ ಹೋಗಿಲ್ಲ. ಫಾರಂನಲ್ಲಿ ಪ್ರಶ್ನೆ ಹೇಗಿತ್ತು, ಅದಕ್ಕೆ ಏನು ಉತ್ತರ ಬಿದ್ದಿದೆ, ತುಂಬಿದ ಫಾರಂನ ಪ್ರತಿ ನಿಮಗೆ ಕೊಟ್ಟಿದ್ದಾರೆಯೇ, ಅಮ್ಮನಿಗೆ ಇಂಗ್ಲಿಷ್ ಬಾರದಿದ್ದರೆ ಅವರಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಿದ್ದೇವೆ ಎಂಬ ಘೋಷಣೆ ಅದರಲ್ಲಿದೆಯೇ, ಇವೆಲ್ಲ ತೂಕಕ್ಕೆ ಬರುತ್ತವೆ. ಆದ್ದರಿಂದ ಮೊದಲ ಪತ್ರದಲ್ಲಿ ವಾದ ಬೇಡ, ಕಾಗದ ಕೇಳಿ. ತುಂಬಿದ ಪ್ರಪೋಸಲ್ ಫಾರಂ, ವಿಚಾರಣಾ ಕರೆಯ ಆಡಿಯೊ, ತನಿಖಾ ವರದಿ, ಯಾವ ಕಲಮಿನಡಿ ತಿರಸ್ಕಾರವಾಯಿತು ಎಂಬ ವಿವರ. ಜತೆಗೆ ಇನ್ನೊಂದನ್ನು ಕೇಳಲು ಮರೆಯಬೇಡಿ: ‘ಈ ತಿರಸ್ಕಾರಕ್ಕೆ ಕ್ಲೇಮ್ ಪರಿಶೀಲನಾ ಸಮಿತಿಯ ಒಪ್ಪಿಗೆ ಇದೆಯೇ?’ ವಿಮಾ ಪ್ರಾಧಿಕಾರದ 2024ರ ಮೇ 29ರ ಸುತ್ತೋಲೆಯ ಪ್ರಕಾರ ಆರೋಗ್ಯ ವಿಮೆಯಲ್ಲಿ ಆ ಮಟ್ಟದ ಒಪ್ಪಿಗೆ ಇಲ್ಲದೆ ಯಾವ ಕ್ಲೇಮನ್ನೂ ತಿರಸ್ಕರಿಸುವಂತಿಲ್ಲ. ಕೆಳಗಿನ ಹಂತದಲ್ಲೇ ಮುಗಿಸಿದ ಫೈಲು ಈ ಒಂದು ಪ್ರಶ್ನೆಗೆ ಮತ್ತೆ ತೆರೆದುಕೊಳ್ಳಬಹುದು. ಇದೆಲ್ಲ ಇ-ಮೇಲ್‌ನಲ್ಲೇ ಇರಲಿ, ಫೋನಿನಲ್ಲಿ ಬೇಡ.

ಕಾಗದ ಬಂದ ಮೇಲೆ, ಅಥವಾ ಕೊಡಲು ಸತಾಯಿಸಿದರೆ ಅದನ್ನೇ ದೂರು ಮಾಡಿಕೊಂಡು, ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. ಒಂದೂವರೆ ಪುಟ ಸಾಕು. ತಾರೀಖುಗಳನ್ನು ಅನುಕ್ರಮವಾಗಿ ಹಾಕಿ, ‘ನಾನು ಏಜೆಂಟರಿಗೆ ಇಂಥ ದಿನ ತಿಳಿಸಿದ್ದೆ, ಇದೋ ಗುರುತು’ ಎಂದು ನೇರವಾಗಿ ಬರೆಯಿರಿ. ಎರಡು ವಾರದಲ್ಲಿ ಸರಿಯಾದ ಉತ್ತರ ಬರದಿದ್ದರೆ ಪ್ರಾಧಿಕಾರದ ಬಿಮಾ ಭರೋಸಾ ಪೋರ್ಟಲಿನಲ್ಲಿ ದಾಖಲಿಸಿ. ದೂರವಾಣಿ 155255ಕ್ಕೂ ಹೇಳಬಹುದು. ಒಂದು ಮಾತು ತಿಳಿದಿರಲಿ: ಆ ಪೋರ್ಟಲ್ ತೀರ್ಪು ಕೊಡುವುದಿಲ್ಲ, ನಿಮ್ಮ ದೂರನ್ನು ಮತ್ತೆ ಕಂಪನಿಗೇ ದಾಟಿಸಿ ಉತ್ತರ ಬಂತೇ ಎಂದು ನಿಗಾ ಇಡುತ್ತದೆ. ಅಲ್ಲಿ ‘ದೂರು ಮುಕ್ತಾಯ’ ಎಂದು ಬಂದರೆ ಎದೆಗುಂದಬೇಡಿ.

ನಿಜವಾದ ಬಾಗಿಲು ವಿಮಾ ಓಂಬುಡ್ಸ್‌ಮನ್, ಅಂದರೆ ವಿಮಾ ದೂರುಗಳನ್ನು ಕೇಳಿ ತೀರ್ಪು ಕೊಡುವ ಅಧಿಕಾರಿ. ಕರ್ನಾಟಕಕ್ಕೆ ಇದರ ಕಚೇರಿ ಬೆಂಗಳೂರಿನ ಜೆ.ಪಿ. ನಗರದ ಜೀವನ್ ಸೌಧದಲ್ಲಿದೆ. ಆನ್‌ಲೈನಿನಲ್ಲೂ ದೂರು ಸಲ್ಲಿಸಬಹುದು. ಶುಲ್ಕ ಇಲ್ಲ, ವಕೀಲರು ಬೇಡ. 50 ಲಕ್ಷ ರೂಪಾಯಿವರೆಗಿನ ವಿವಾದ ಅವರ ವ್ಯಾಪ್ತಿಗೆ ಬರುತ್ತದೆ. ಮೊದಲು ಕಂಪನಿಗೆ ಲಿಖಿತ ದೂರು ಕೊಟ್ಟಿರಬೇಕು. ಅವರು ಒಪ್ಪದಿದ್ದರೆ, ಅಥವಾ ಒಂದು ತಿಂಗಳಾದರೂ ಉತ್ತರಿಸದಿದ್ದರೆ, ಅಲ್ಲಿಂದ ಒಂದು ವರ್ಷದೊಳಗೆ ಹೋಗಬೇಕು. ಅವರ ತೀರ್ಪಿಗೆ ಕಂಪನಿ ಬದ್ಧ, ಪಾಲಿಸಿದಾರರು ಬದ್ಧರಲ್ಲ. 30 ದಿನದಲ್ಲಿ ಜಾರಿ ಮಾಡದಿದ್ದರೆ ದಿನಕ್ಕೆ 5,000 ರೂ. ದಂಡವನ್ನು ಕಂಪನಿ ನಿಮಗೇ ಕೊಡಬೇಕಾಗುತ್ತದೆ. ನಿಮ್ಮಂಥ ಪ್ರಕರಣ, ಅಂದರೆ ಕಾಗದದಲ್ಲಿ ಒಂದು ಕುಂದಿದ್ದೂ ಹಿಂದೆ ಸತ್ಯವಿರುವ ಪ್ರಕರಣ, ಎದುರಾಬದುರು ಕೂತು ಮಾತಾಡುವ ಇಂಥ ಜಾಗದಲ್ಲಿ ಚೆನ್ನಾಗಿ ಕೇಳಿಸುತ್ತದೆ ಎಂಬುದು ನನ್ನ ಅನುಭವ. ಪೂರ್ತಿ ಹಣದ ಬದಲು ಒಂದು ಭಾಗಕ್ಕೆ ರಾಜಿಯ ಮಾತು ಬಂದರೆ ಎಷ್ಟಕ್ಕೆ ಒಪ್ಪುತ್ತೀರಿ ಎಂದು ಮನೆಯಲ್ಲಿ ಮೊದಲೇ ಮಾತಾಡಿಕೊಂಡು ಹೋಗಿ.

ಜಿಲ್ಲಾ ಗ್ರಾಹಕರ ಆಯೋಗ ಇನ್ನೊಂದು ದಾರಿ. ತಿರಸ್ಕಾರದಿಂದ ಎರಡು ವರ್ಷ ಅವಕಾಶವಿದೆ. ಮಾನಸಿಕ ಕಿರುಕುಳಕ್ಕೆ ಪರಿಹಾರವನ್ನೂ ಕೇಳಬಹುದು. ಆದರೆ ಸಮಯ ಹಿಡಿಯುತ್ತದೆ, ಮೇಲ್ಮನವಿಗಳೂ ಇವೆ. ಅಲ್ಲಿ ಕೇಸು ಹಾಕಿಬಿಟ್ಟರೆ ಅದೇ ವಿಷಯಕ್ಕೆ ಓಂಬುಡ್ಸ್‌ಮನ್ ಬಳಿ ಹೋಗಲಾಗದು. ಓಂಬುಡ್ಸ್‌ಮನ್ ತೀರ್ಪು ಒಪ್ಪಿಗೆಯಾಗದಿದ್ದರೆ ಆಯೋಗಕ್ಕೆ ಹೋಗಬಹುದು. ಅನುಕ್ರಮ ತಪ್ಪಿಸಬೇಡಿ. ಶೇ. 15 ಕೇಳಿದವರು ಮಾಡುವುದೂ ಇದೇ ಅರ್ಜಿಗಳನ್ನು. ನಿಮ್ಮ ತಾಯಿಯ ಆಧಾರ್, ಬ್ಯಾಂಕ್ ವಿವರ, ವೈದ್ಯಕೀಯ ದಾಖಲೆಗಳೆಲ್ಲ ಗುರುತುಪರಿಚಯವಿಲ್ಲದವರ ಕೈಗೆ ಹೋಗುವುದಷ್ಟೇ ಹೆಚ್ಚುವರಿ.

ಏಜೆಂಟರ ವಿಚಾರಕ್ಕೆ ಬರೋಣ. ಅಪ್ಪನ ಪರಿಚಯದವರು ಎಂದಿದ್ದೀರಿ, ನಿಮ್ಮ ಸಂಕೋಚ ಅರ್ಥವಾಗುತ್ತದೆ. ಆದರೆ ಅವರು ಬರವಣಿಗೆಯಲ್ಲಿ ‘ಮನೆಯವರು ಶುಗರ್ ವಿಷಯ ನನಗೆ ತಿಳಿಸಿದ್ದರು’ ಎಂದು ಒಪ್ಪಿಕೊಂಡರೆ ನಿಮ್ಮ ಪ್ರಕರಣಕ್ಕೆ ಅದಕ್ಕಿಂತ ದೊಡ್ಡ ಬಲವಿಲ್ಲ. ಆದ್ದರಿಂದ ಮೊದಲ ದಿನವೇ ಬಯ್ದು ಬಾಗಿಲು ಮುಚ್ಚಬೇಡಿ. ವಾಟ್ಸ್ಆ್ಯಪ್‌ನಲ್ಲಿ ಸಮಾಧಾನವಾಗಿ ಬರೆಯಿರಿ: ‘ಪಾಲಿಸಿ ಮಾಡುವಾಗ ಅಮ್ಮನ ಶುಗರ್ ಬಗ್ಗೆ ಹೇಳಿದ್ದೆವಲ್ಲ, ಫಾರಂನಲ್ಲಿ ಯಾಕೆ ಬಂದಿಲ್ಲ?’ ಅವರು ಏನು ಉತ್ತರಿಸಿದರೂ, ಉತ್ತರಿಸದಿದ್ದರೂ, ಅದನ್ನು ಉಳಿಸಿಕೊಳ್ಳಿ. ‘ಒಂದಿಷ್ಟು ಹಣ ನಾನೇ ಕೊಡುತ್ತೇನೆ, ಇಲ್ಲಿಗೇ ಬಿಡಿ’ ಎಂದರೆ ಒಪ್ಪಬೇಡಿ. ಆಮೇಲೆ ಕಂಪನಿಗೆ ಬೇರೆಯೇ ದೂರು ಕೊಡಿ. ಅವರ ಲೈಸೆನ್ಸಿನ ಮೇಲೆ ಕ್ರಮವಾಗುವುದು ಅದರಿಂದ. ಆದರೆ ಆ ದೂರಿನಿಂದ 3.40 ಲಕ್ಷ ಬರುವುದಿಲ್ಲ, ಅದು ಬೇರೆ ದಾರಿ.

ಕೊನೆಗೆ, ಅಪ್ಪನ ಬಗ್ಗೆ. ಇದನ್ನು ಬಹಳ ಜನ ಮರೆತುಬಿಡುತ್ತಾರೆ, ನೀವು ಕೇಳಿದ್ದು ಸಂತೋಷ. ಫ್ಲೋಟರ್ ಆದ್ದರಿಂದ ಇಡೀ ಪಾಲಿಸಿ ರದ್ದಾದರೆ ಅಪ್ಪನ 44 ತಿಂಗಳೂ ನೀರಿಗೆ ಹೋಗುತ್ತವೆ. ಕಂಪನಿಗೆ ಇವತ್ತೇ ಬರೆಯಿರಿ: ‘ಅಮ್ಮನ ವಿಷಯ ವಿವಾದದಲ್ಲಿದೆ, ಅದು ಇತ್ಯರ್ಥವಾಗುವವರೆಗೆ ಪಾಲಿಸಿ ರದ್ದು ಮಾಡಬೇಡಿ. ಏನೇ ಆದರೂ ಅಪ್ಪನ ರಕ್ಷಣೆಯನ್ನು ಅವರ ಹಿಂದಿನ ಅವಧಿ ಸಮೇತ ಮುಂದುವರಿಸಿ.’ ಹೆಚ್ಚುವರಿ ಪ್ರೀಮಿಯಂ ಹಾಕಿ ಅಮ್ಮನನ್ನೂ ಉಳಿಸಿಕೊಳ್ಳಲು ಸಾಧ್ಯವೇ ಎಂದೂ ಕೇಳಿ, ಕೆಲವು ಕಂಪನಿಗಳು ಒಪ್ಪುತ್ತವೆ. ನವೀಕರಣದ ದಿನ ಹತ್ತಿರ ಬಂದರೆ ಹಣ ಕಟ್ಟಲು ಪ್ರಯತ್ನಿಸಿ, ಅವರು ತೆಗೆದುಕೊಳ್ಳದಿದ್ದರೆ ಪ್ರಯತ್ನಿಸಿದ್ದಕ್ಕೆ ದಾಖಲೆ ಇಟ್ಟುಕೊಳ್ಳಿ.

ಅಪ್ಪನ ಬಿ.ಪಿ. ಪಾಲಿಸಿ ಶುರುವಾದ ಮೇಲೆ ಬಂದದ್ದು. ಅದು ಮುಚ್ಚಿಟ್ಟ ಕಾಯಿಲೆಯಲ್ಲ, ಅದಕ್ಕೆ ಹೆದರಬೇಕಿಲ್ಲ. ಅದು ಮೊದಲು ಪತ್ತೆಯಾದ ದಿನದ ಚೀಟಿಯನ್ನು ಜೋಪಾನವಾಗಿಡಿ. ನಾಳೆ ಆಸ್ಪತ್ರೆಯಲ್ಲಿ ಯಾರಾದರೂ ‘ಎಷ್ಟು ವರ್ಷದಿಂದ?’ ಎಂದು ಕೇಳಿದರೆ, ಆ ಚೀಟಿ ನೋಡಿ ಉತ್ತರ ಹೇಳಿ. ಮೊತ್ತವನ್ನು 5 ಲಕ್ಷದಿಂದ ಏರಿಸುವುದಾದರೆ, ಅಥವಾ ಬೇರೆ ಕಂಪನಿಯಲ್ಲಿ ಹೊಸ ಪಾಲಿಸಿ ಮಾಡಿಸುವುದಾದರೆ, ಅಪ್ಪನ ಬಿ.ಪಿ., ಅಮ್ಮನ ಶುಗರ್, ಸ್ಟೆಂಟ್, ಈ ತಿರಸ್ಕಾರ, ನಾಲ್ಕನ್ನೂ ನೀವೇ ಫಾರಂನಲ್ಲಿ ಬರೆಯಿರಿ. ಒಟಿಪಿ ಹೇಳುವ ಮುನ್ನ ತುಂಬಿದ ಪುಟಗಳನ್ನು ನಿಮ್ಮ ಮೊಬೈಲಿಗೆ ತರಿಸಿಕೊಂಡು ಓದಿ. ಪಾಲಿಸಿಯ ಜತೆ ಕೊಡುವ ಗ್ರಾಹಕ ಮಾಹಿತಿ ಪತ್ರವನ್ನು ಕನ್ನಡದಲ್ಲೇ ಕೊಡಿ ಎಂದು ಕೇಳಬಹುದು. ಪಾಲಿಸಿ ಕೈಗೆ ಬಂದ ಮೇಲೂ ಓದಿ ನೋಡಿ ವಾಪಸ್ ಮಾಡಲು 30 ದಿನ ಇರುತ್ತದೆ. ಸದ್ಯಕ್ಕೆ ಅಮ್ಮನ ಮೊದಲ ಶುಗರ್ ಚೀಟಿ ಸಿಕ್ಕಿತೇ, ವಿಚಾರಣಾ ಕರೆ ಬಂದಿತ್ತೇ ಎಂದು ನೋಡಿ ತಿಳಿಸಿ. ಓಂಬುಡ್ಸ್‌ಮನ್‌ಗೆ ಬರೆಯುವ ದೂರಿನಲ್ಲಿ ಯಾವುದನ್ನು ಮುಂದಿಡಬೇಕು ಎಂಬುದು ಆ ಎರಡರ ಮೇಲೆ ನಿಂತಿದೆ.